‘ಹೋದ್ರು’ ಅಂದ್ರೆ ಎಲ್ಲಿಗೆ?

ನಮ್ಮೂರು ಚೌಡಾಪುರ. ಕಲಬುರಗಿಯಿಂದ ಅಫಜಲಪುರ ರಸ್ತೆ ಹಿಡಿದು ಗಾಣಗಾಪುರದ ದತ್ತನ ದರ್ಶನಕ್ಕೆ ಹೋಗಿದ್ದರೆ ನಮ್ಮೂರನ್ನು ನೀವು ನೋಡಿಯೇ ಇರ್ತೀರಿ. ಬೆಂಗಳೂರಿನ ಆಫೀಸಿನಲ್ಲಿ ಯಾರಾದರೂ “ಅದೆಲ್ಲಿ ಬರುತ್ತೆ?” ಅಂತ ಕೇಳಿದಾಗ ನಾನು ಕೊಡುವ ಗುರುತೂ ಅದೇ.

ಕೆಲವು ತಿಂಗಳ ಹಿಂದೆ ನಮ್ಮ ಮನೆತನದ ವಾಟ್ಸ್‌ಆ್ಯಪ್ ಗ್ರೂಪಿಗೆ ಒಂದು ಫಾರ್ವರ್ಡ್ ಬಂತು. ರೋಹಿಂಗ್ಯಾಗಳು ಬೆಂಗಳೂರು ತುಂಬಿಬಿಟ್ಟಿದ್ದಾರೆ, ಹುಷಾರಾಗಿರಿ ಅನ್ನೋದು ಅದರ ಸಾರ. ಕೆಳಗೆ ಸಾಲುಸಾಲು ಹೆಬ್ಬೆರಳು. ನಾನು ಸುಮ್ಮನಿರಲಾಗದೆ ಒಂದು ಸಾಲು ಹಾಕಿದೆ: “ಕಾಕಾ, ಅವರು ತಮ್ಮ ಊರು ಬಿಟ್ಟು ಯಾಕ ಬಂದಾರ, ಗೊತ್ತದ ಏನ್ರಿ?”

ಕಾಕಾ ತಕ್ಷಣ ಉತ್ತರ ಕೊಟ್ಟರು. “ಅಲ್ಲೇನೋ ಗದ್ಲ ಆಗ್ಯಾದವ್ವ. ಅದಕ್ಕ ಬಂದಾರ.”

ಗದ್ಲ. ಆ ಪದ ಓದಿದ್ದೇ ನನಗೆ ಆಯಿ ನೆನಪಾದಳು.

ಆಯಿ ಹೇಳದೆ ಬಿಟ್ಟ ಮಾತು

ಆಯಿಯ ತವರು ಆಳಂದ ಕಡೆಯ ಒಂದು ಸಣ್ಣ ಊರು. 1948ರಲ್ಲಿ ಆಕೆಗೆ ಹತ್ತೋ ಹನ್ನೊಂದೋ ವರ್ಷ. ದೇಶಕ್ಕೆ ಸ್ವಾತಂತ್ರ್ಯ ಬಂದು ವರ್ಷವಾಗಿದ್ದರೂ ನಮ್ಮ ಭಾಗ ಇನ್ನೂ ಹೈದರಾಬಾದ್ ನಿಜಾಮನ ಕೈಯಲ್ಲಿತ್ತು. ಆ ವರ್ಷದ ಕಥೆಯನ್ನು ಆಯಿ ಎಷ್ಟು ಸಲ ಹೇಳಿದ್ದಳೋ ಲೆಕ್ಕವಿಲ್ಲ. “ರಜಾಕಾರರು ಬರ್ತಾರಂದ್ರ ಬಂಗಾರ, ಜ್ವಾಳ ಎಲ್ಲಾ ನೆಲದಾಗ ಹುಗೀತಿದ್ವಿ. ಗಂಡಮಕ್ಕಳು ರಾತ್ರಿ ಹೊಲದಾಗ ಮಲಗ್ತಿದ್ರು. ಆಮ್ಯಾಲ ಮಿಲಿಟ್ರಿ ಬಂತು, ಗದ್ಲ ಮುಗೀತು.”

ಕಥೆ ಯಾವಾಗಲೂ ಅಲ್ಲಿಗೇ ನಿಲ್ಲುತ್ತಿತ್ತು. ಕಾಲೇಜಿನಲ್ಲಿದ್ದಾಗ ಒಮ್ಮೆ ಪಟ್ಟು ಹಿಡಿದೆ. “ಮುಂದ?”

“ಮುಂದೇನದ? ನಮ್ಮ ಓಣ್ಯಾಗ ನದಾಫರ ಮನಿ ಇತ್ತು. ಗಾದಿ ಹೊಲೀತಿದ್ರು. ಅವರು ಹೋದ್ರು.”

“ಹೋದ್ರು ಅಂದ್ರ ಎಲ್ಲಿಗಿ?”

ಆಯಿ ತೊಗರಿ ಹಸನು ಮಾಡುತ್ತಿದ್ದಳು. ಮರ ಬದಿಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಹೋದ್ರು, ಅಷ್ಟೇ. ಅದನ್ನೆಲ್ಲ ಯಾಕ ಕೇಳ್ತಿ ಯವ್ವಾ?”

ಆಯಿ ತೀರಿಕೊಂಡು ಈಗ ಬಹಳ ವರ್ಷವಾಯಿತು. ಆ ಮನೆಯವರಿಗೆ ಏನಾಯಿತು ಅನ್ನೋದು ಅವಳ ಜೊತೆಗೇ ಹೋಯಿತು. ಆದರೆ ಆಕೆ ಹೇಳದೆ ಬಿಟ್ಟ ಆ ಕಾಲದ ಬಗ್ಗೆ ಒಂದು ಸರ್ಕಾರಿ ವರದಿಯೇ ಇದೆ ಅಂತ ನನಗೆ ಗೊತ್ತಾದದ್ದು ಕೆಲಸಕ್ಕೆ ಸೇರಿದ ಮೇಲೆ.

65 ವರ್ಷ ಮುಚ್ಚಿಟ್ಟ ಕಾಗದ

ಮೊದಲು ರಜಾಕಾರರ ಮಾತು. ಖಾಸಿಂ ರಜ್ವಿಯ ಈ ಸಶಸ್ತ್ರ ಪಡೆ ಮಾಡಿದ ಹಾವಳಿ ಕಟ್ಟುಕಥೆಯಲ್ಲ. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರ್ಟಾ ಗ್ರಾಮದಲ್ಲಿ ಅವರು ನಡೆಸಿದ ಹತ್ಯಾಕಾಂಡವನ್ನು ಆ ಭಾಗದ ಜನ ಇವತ್ತಿಗೂ ಮರೆತಿಲ್ಲ. ಭಾರತದ ಜೊತೆ ಸೇರಬೇಕು ಅಂತ ಬರೆದ ಮುಸ್ಲಿಂ ಪತ್ರಕರ್ತ, ‘ಇಮ್ರೋಜ್’ ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್ ಅವರನ್ನೂ ಅದೇ ವರ್ಷದ ಆಗಸ್ಟ್‌ನಲ್ಲಿ ಹೈದರಾಬಾದಿನ ಬೀದಿಯಲ್ಲಿ ಕೊಂದರು.

ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಒಳಬಂತು. 17ಕ್ಕೆ ನಿಜಾಮ ಶರಣಾದ. ಈ ದಿನವನ್ನೇ ನಾವು ವಿಮೋಚನಾ ದಿನ ಅಂತ ಆಚರಿಸುತ್ತಾ ಬಂದದ್ದು. 2019ರಿಂದ ಅದು ಕಲ್ಯಾಣ ಕರ್ನಾಟಕ ಉತ್ಸವ.

ಆದರೆ ಆ ದಿನ ಎಲ್ಲವೂ ಮುಗಿಯಲಿಲ್ಲ. ರಜಾಕಾರರ ತಪ್ಪಿಗೆ ಸಾಮಾನ್ಯ ಮುಸ್ಲಿಮರ ಮೇಲೆ ಸೇಡು ಶುರುವಾಯಿತು. ರಜಾಕಾರನೋ ಅಲ್ಲವೋ ಅಂತ ಯಾರೂ ನೋಡಲಿಲ್ಲ. ಸುದ್ದಿ ದೆಹಲಿ ಮುಟ್ಟಿದಾಗ ಕೇಂದ್ರ ಸರ್ಕಾರ ಪಂಡಿತ್ ಸುಂದರಲಾಲ್, ಖಾಜಿ ಅಬ್ದುಲ್ ಗಫಾರ್ ಮತ್ತು ಅಬ್ದುಲ್ಲಾ ಮಿಸ್ರಿ ಅವರನ್ನು ಸೌಹಾರ್ದ ನಿಯೋಗವಾಗಿ ಕಳಿಸಿತು. 1948ರ ನವೆಂಬರ್ 29ರಿಂದ ಡಿಸೆಂಬರ್ 21ರವರೆಗೆ ಅವರು 16 ಜಿಲ್ಲೆಗಳ ಪೈಕಿ ಒಂಬತ್ತರಲ್ಲಿ ಓಡಾಡಿದರು. ತಾವು ಹೋಗಲಾಗದ 109 ಹಳ್ಳಿಗಳ 500ಕ್ಕೂ ಹೆಚ್ಚು ಜನರ ಮಾತು ಕೇಳಿದರು.

ಅವರ ಅಂದಾಜು: ಕಾರ್ಯಾಚರಣೆಯ ಸಮಯದಲ್ಲಿ ಮತ್ತು ಅದರ ನಂತರ ಕನಿಷ್ಠ 27 ಸಾವಿರದಿಂದ 40 ಸಾವಿರ ಜನ ಸತ್ತಿದ್ದಾರೆ. ಅತಿ ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್. ಈ ನಾಲ್ಕರಲ್ಲೇ 18 ಸಾವಿರಕ್ಕೆ ಕಡಿಮೆಯಿಲ್ಲ. ಸೇನೆಯ ಒಟ್ಟಾರೆ ಶಿಸ್ತನ್ನು ಮೆಚ್ಚಿದ ನಿಯೋಗ, ಕೆಲವೆಡೆ ಸೈನಿಕರೂ ಪೊಲೀಸರೂ ಲೂಟಿಯಲ್ಲಿ ಸೇರಿದ್ದರು ಅಂತಲೂ ದಾಖಲಿಸಿತು. ಅದೇ ವರದಿಯಲ್ಲಿ ಇನ್ನೊಂದು ಮಾತಿದೆ, ಅದನ್ನೂ ಹೇಳಬೇಕು. ಎಷ್ಟೋ ಕಡೆ ಹಿಂದೂ ನೇಕಾರರು ತಮ್ಮ ಜೊತೆಯ ಮುಸ್ಲಿಂ ನೇಕಾರರನ್ನು ಪ್ರಾಣ ಕೊಟ್ಟು ಕಾಪಾಡಿದ್ದರು.

ಇಷ್ಟು ಬರೆದುಕೊಟ್ಟ ವರದಿಯನ್ನು ಸರ್ಕಾರ ಪ್ರಕಟಿಸಲಿಲ್ಲ. ಸಂಶೋಧಕರ ಕೈಗೆ ಸಿಕ್ಕ ಭಾಗಗಳು ಅಲ್ಲಲ್ಲಿ ಅಚ್ಚಾದವು. ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಜನ ಅದನ್ನು ನೋಡುವಂತಾದದ್ದು 2013ರ ಹೊತ್ತಿಗೆ. ಅಷ್ಟರಲ್ಲಿ 65 ವರ್ಷ ಕಳೆದಿತ್ತು. ಕೊಂದವರು, ಉಳಿದವರು, ಉಳಿಸಿದವರು ಬಹುತೇಕ ಎಲ್ಲರೂ ತೀರಿಹೋಗಿದ್ದರು. ಅಪರಾಧಿಗಳ ಹೆಸರೂ ಇಲ್ಲ, ಕಾಪಾಡಿದ ಆ ನೇಕಾರರ ಹೆಸರೂ ಇಲ್ಲ. ಉಳಿದದ್ದು ಆಯಿಯ ‘ಹೋದ್ರು’ ಒಂದೇ.

ಸರ್ಕಾರ ಹೆಸರಿಟ್ಟು ಹೇಳದೆ ಹೋದರೆ ಹೀಗಾಗುತ್ತೆ. ರೋಹಿಂಗ್ಯಾಗಳ ವಿಷಯದಲ್ಲೂ ಈಗ ಹೀಗೇ ಆಗ್ತಾ ಇದೆ ಅನ್ನೋದು ನನ್ನ ಭಯ.

ಎಲ್ಲ ಕೊಲೆಯೂ ಜನಾಂಗಹತ್ಯೆ ಅಲ್ಲ

ನಮ್ಮ ಟಿವಿ ಚಾನೆಲ್‌ಗಳಲ್ಲಿ ‘ನರಮೇಧ’ ಪದ ಬಹಳ ಅಗ್ಗವಾಗಿದೆ. ಹತ್ತು ಜನ ಸತ್ತರೂ ನರಮೇಧ. ಆದ್ದರಿಂದ ಇಲ್ಲಿ ಕಾನೂನಿನ ಅರ್ಥಕ್ಕೆ ಹತ್ತಿರವಾದ ‘ಜನಾಂಗಹತ್ಯೆ’ ಅನ್ನೋ ಪದ ಬಳಸುತ್ತೇನೆ.

ಈ ಅಪರಾಧಕ್ಕೆ ಮೊದಲು ಹೆಸರು ಕೊಟ್ಟವರು ಪೋಲೆಂಡಿನ ಯಹೂದಿ ವಕೀಲ ರಾಫೆಲ್ ಲೆಮ್ಕಿನ್, 1944ರಲ್ಲಿ. ನಾಜಿಗಳಿಂದ ತನ್ನ ಬಂಧುಗಳನ್ನೇ ಕಳೆದುಕೊಂಡವರು ಅವರು. ಅವರ ಹೋರಾಟದ ಫಲವಾಗಿ ವಿಶ್ವಸಂಸ್ಥೆ ಜನಾಂಗಹತ್ಯೆ ತಡೆ ಒಪ್ಪಂದವನ್ನು ಅಂಗೀಕರಿಸಿದ್ದು 1948ರ ಡಿಸೆಂಬರ್ 9ರಂದು, ಪ್ಯಾರಿಸ್‌ನಲ್ಲಿ. ಸುಂದರಲಾಲ್ ನಿಯೋಗ ಹೈದರಾಬಾದ್ ಸಂಸ್ಥಾನದ ಹಳ್ಳಿಗಳಲ್ಲಿ ಲೆಕ್ಕ ಬರೆದುಕೊಳ್ಳುತ್ತಿದ್ದ ಅದೇ ದಿನಗಳು! ಭಾರತ ಈ ಒಪ್ಪಂದಕ್ಕೆ 1949ರಲ್ಲಿ ಸಹಿ ಹಾಕಿ 1959ರಲ್ಲಿ ಅನುಮೋದಿಸಿತು.

ಒಪ್ಪಂದ ಹೇಳುವುದಿಷ್ಟು. ಒಂದು ರಾಷ್ಟ್ರೀಯ, ಬುಡಕಟ್ಟು, ಜನಾಂಗೀಯ ಅಥವಾ ಧಾರ್ಮಿಕ ಗುಂಪನ್ನು ಪೂರ್ತಿಯಾಗಿಯೋ ಭಾಗಶಃವೋ ನಾಶ ಮಾಡುವ ಉದ್ದೇಶ ಇರಬೇಕು. ಆ ಉದ್ದೇಶದಿಂದ ಆ ಗುಂಪಿನವರನ್ನು ಕೊಲ್ಲುವುದು, ದೇಹಕ್ಕೋ ಮನಸ್ಸಿಗೋ ಗಂಭೀರ ಹಾನಿ ಮಾಡುವುದು, ಬದುಕಲಾಗದ ಸ್ಥಿತಿ ಹೇರುವುದು, ಹೆರಿಗೆ ತಡೆಯುವುದು, ಮಕ್ಕಳನ್ನು ಬಲವಂತವಾಗಿ ಬೇರೆ ಗುಂಪಿಗೆ ಸಾಗಿಸುವುದು, ಈ ಐದರಲ್ಲಿ ಯಾವುದು ಮಾಡಿದರೂ ಅದು ಜನಾಂಗಹತ್ಯೆ. ಸತ್ತವರ ಸಂಖ್ಯೆಗಿಂತ ಮುಖ್ಯವಾದದ್ದು ಉದ್ದೇಶ.

ಹಾಗಾಗಿ ನಮ್ಮ ಭಾಗದ 1948ರ ಹಿಂಸೆಯನ್ನು ಜನಾಂಗಹತ್ಯೆ ಅನ್ನಲು ನಾನು ಹೊರಟಿಲ್ಲ. ಅಲ್ಲಿ ಸೇಡಿತ್ತು, ಲೂಟಿಯಿತ್ತು. ಒಂದು ಜನಾಂಗವನ್ನೇ ಅಳಿಸುವ ಸರ್ಕಾರಿ ಯೋಜನೆ ಇತ್ತು ಅಂತ ನಿಯೋಗ ಹೇಳಿಲ್ಲ. ಆದರೆ ಮ್ಯಾನ್ಮಾರ್‌ನಲ್ಲಿ ಆದದ್ದು ಬೇರೆ.

ಹೆಸರನ್ನೇ ಕಸಿದುಕೊಂಡ ಕಥೆ

ಮೈಸೂರು, ಕೆನರಾ ಸೀಮೆಗಳನ್ನು ಸುತ್ತಿ ಬರೆದ ಫ್ರಾನ್ಸಿಸ್ ಬುಕಾನನ್ ಹೆಸರು ಇತಿಹಾಸದ ಪುಸ್ತಕದಲ್ಲಿ ಓದಿರಬಹುದು. ಟಿಪ್ಪು ಮಡಿದ ಮರುವರ್ಷ ನಮ್ಮ ನಾಡಿನಲ್ಲಿ ಓಡಾಡಿದ ಬ್ರಿಟಿಷ್ ವೈದ್ಯ. ಅದಕ್ಕೂ ಮೊದಲು ಅವರು ಬರ್ಮಾಕ್ಕೆ ಹೋಗಿದ್ದರು. ಅರಾಕಾನಿನಲ್ಲಿ ಬಹುಕಾಲದಿಂದ ನೆಲೆಸಿದ ಮುಸ್ಲಿಮರು ತಮ್ಮನ್ನು ‘ರೂಯಿಂಗಾ’ ಅಂತ ಕರೆದುಕೊಳ್ಳುತ್ತಾರೆ ಅಂತ 1799ರಲ್ಲೇ ದಾಖಲಿಸಿದವರು ಇದೇ ಬುಕಾನನ್.

ಇಷ್ಟಾದರೂ ಮ್ಯಾನ್ಮಾರ್ ಸರ್ಕಾರ ‘ರೋಹಿಂಗ್ಯಾ’ ಅನ್ನುವ ಜನಾಂಗವೇ ಇಲ್ಲ, ಅವರು ‘ಬಂಗಾಳಿಗಳು’ ಅನ್ನುತ್ತೆ. ಅಲ್ಲಿನ ಅಧಿಕೃತ 135 ಜನಾಂಗಗಳ ಪಟ್ಟಿಯಲ್ಲಿ ಅವರಿಲ್ಲ. 1982ರ ಪೌರತ್ವ ಕಾನೂನು ಬಹುತೇಕ ರೋಹಿಂಗ್ಯಾಗಳನ್ನು ದೇಶವಿಲ್ಲದವರನ್ನಾಗಿಸಿತು. ಪಕ್ಕದ ಊರಿಗೆ ಹೋಗಲು, ಮದುವೆಯಾಗಲು ಅನುಮತಿ ಬೇಕು. ಅವರು ಹೆಚ್ಚಿರುವ ಕಡೆ ಎರಡೇ ಮಕ್ಕಳು ಅಂತ ಅವರಿಗೆ ಮಾತ್ರ ಕಟ್ಟಳೆ. 2014ರ ಜನಗಣತಿಯಲ್ಲಿ ‘ರೋಹಿಂಗ್ಯಾ’ ಅಂತ ಬರೆಸಲೂ ಬಿಡಲಿಲ್ಲ.

2017ರ ಆಗಸ್ಟ್ 25ರಂದು ‘ಅರ್ಸಾ’ ಎಂಬ ರೋಹಿಂಗ್ಯಾ ಸಶಸ್ತ್ರ ಗುಂಪು ಸುಮಾರು 30 ಪೊಲೀಸ್ ಠಾಣೆಗಳ ಮೇಲೆ ದಾಳಿ ಮಾಡಿತು. ಅದೇ ಗುಂಪು ಆ ದಿನಗಳಲ್ಲಿ ಹೆಂಗಸರು, ಮಕ್ಕಳು ಸೇರಿ 99ರವರೆಗೆ ಹಿಂದೂಗಳನ್ನು ಕೊಂದಿದೆ ಅಂತ ಆಮ್ನೆಸ್ಟಿ ಸಂಸ್ಥೆ 2018ರಲ್ಲಿ ವರದಿ ಮಾಡಿತು. ಅದೂ ಅಪರಾಧವೇ, ಅದಕ್ಕೂ ಶಿಕ್ಷೆಯಾಗಬೇಕು.

ಆದರೆ ಉತ್ತರವಾಗಿ ಸೇನೆ ಮಾಡಿದ್ದೇನು? ವಿಶ್ವಸಂಸ್ಥೆಯ ಸತ್ಯಶೋಧನಾ ತಂಡದ ಪ್ರಕಾರ ಕನಿಷ್ಠ 392 ಹಳ್ಳಿಗಳು ಭಾಗಶಃ ಅಥವಾ ಪೂರ್ತಿ ನಾಶವಾದವು. ಸಾಮೂಹಿಕ ಅತ್ಯಾಚಾರ ನಡೆಯಿತು. ‘ಗಡಿರಹಿತ ವೈದ್ಯರು’ ಸಂಸ್ಥೆಯ ಸಮೀಕ್ಷೆಯ ಅಂದಾಜಿನಲ್ಲಿ ಮೊದಲ ತಿಂಗಳಲ್ಲೇ ಹಿಂಸೆಗೆ ಸತ್ತವರು ಕನಿಷ್ಠ 6,700. ಅವರಲ್ಲಿ ಐದು ವರ್ಷದೊಳಗಿನ ಮಕ್ಕಳೇ ಕನಿಷ್ಠ 730. ಐದು ವರ್ಷದೊಳಗಿನ ಮಗು ಯಾವ ಠಾಣೆಯ ಮೇಲೆ ದಾಳಿ ಮಾಡೀತು? ಕೆಲವೇ ತಿಂಗಳಲ್ಲಿ 7 ಲಕ್ಷಕ್ಕೂ ಹೆಚ್ಚು ಜನ ಬಾಂಗ್ಲಾದೇಶಕ್ಕೆ ಓಡಿದರು.

ಇನ್ ದಿನ್ ಅನ್ನುವ ಹಳ್ಳಿಯಲ್ಲಿ ಹತ್ತು ಜನರನ್ನು ಕೊಂದದ್ದನ್ನು ಬಯಲಿಗೆಳೆದವರು ರಾಯಿಟರ್ಸ್‌ನ ಇಬ್ಬರು ಪತ್ರಕರ್ತರು, ವಾ ಲೋನ್ ಮತ್ತು ಕ್ಯಾವ್ ಸೋ ಊ. ಅವರನ್ನು 500ಕ್ಕೂ ಹೆಚ್ಚು ದಿನ ಜೈಲಿನಲ್ಲಿಟ್ಟರು. ಕೊಂದದ್ದಕ್ಕೆ ಹತ್ತು ವರ್ಷದ ಶಿಕ್ಷೆಯಾದ ಏಳು ಸೈನಿಕರು ಒಂದು ವರ್ಷ ತುಂಬುವ ಮೊದಲೇ ಹೊರಗೆ ಬಂದರು. ಕೊಂದವರಿಗಿಂತ ಹೆಚ್ಚು ದಿನ ಬರೆದವರು ಒಳಗಿದ್ದರು!

ನಮ್ಮ ಕೈಲಿರುವ ಫೋನಿಗೂ ಇದರಲ್ಲಿ ಪಾಲಿದೆ. ದ್ವೇಷ ಹರಡಿದ್ದು ಫೇಸ್‌ಬುಕ್ ಮೇಲೆ. ಅದನ್ನು ತಡೆಯಲು ಸಾಕಷ್ಟು ಮಾಡಲಿಲ್ಲ ಅಂತ 2018ರಲ್ಲಿ ಕಂಪನಿಯೇ ಒಪ್ಪಿಕೊಂಡಿತು. ನಮ್ಮ ಗ್ರೂಪಿನ ಫಾರ್ವರ್ಡ್ ನೋಡಿದಾಗ ನನಗೆ ಹೊಟ್ಟೆಯಲ್ಲಿ ಕಲಸಿದಂತಾದದ್ದು ಇದಕ್ಕೇ.

ಕಲಬುರಗಿಯಷ್ಟು ಜನರ ದೇಶ ಮಾಡಿದ ಕೆಲಸ

ಹೆಸರಿಟ್ಟು ಹೇಳಿದವರೂ ಇದ್ದಾರೆ. 2018ರ ಸೆಪ್ಟೆಂಬರ್‌ನಲ್ಲಿ ಕೆನಡಾದ ಸಂಸತ್ತಿನ ಕೆಳಮನೆ ಇದನ್ನು ಜನಾಂಗಹತ್ಯೆ ಅಂತ ಸರ್ವಾನುಮತದಿಂದ ಒಪ್ಪಿತು. 2022ರ ಮಾರ್ಚ್ 21ರಂದು ಅಮೆರಿಕ ಸರ್ಕಾರವೂ ಹಾಗೇ ಘೋಷಿಸಿತು.

ಆದರೆ ಎಲ್ಲರಿಗಿಂತ ದೊಡ್ಡ ಹೆಜ್ಜೆ ಇಟ್ಟದ್ದು ಆಫ್ರಿಕಾದ ಪುಟ್ಟ ದೇಶ ಗ್ಯಾಂಬಿಯಾ. ಅದರ ಜನಸಂಖ್ಯೆ ಹೆಚ್ಚೂಕಡಿಮೆ ನಮ್ಮ ಕಲಬುರಗಿ ಜಿಲ್ಲೆಯಷ್ಟು. 2011ರ ಗಣತಿಯಲ್ಲಿ ನಮ್ಮದು 25.66 ಲಕ್ಷ, ಅವರದೂ 25 ಲಕ್ಷದ ಆಸುಪಾಸು. ಅಲ್ಲಿನ ಕಾನೂನು ಸಚಿವರಾಗಿದ್ದ ಅಬೂಬಕರ್ ತಂಬಾಡು ಹಿಂದೆ ರುವಾಂಡಾ ಜನಾಂಗಹತ್ಯೆಯ ನ್ಯಾಯಮಂಡಳಿಯಲ್ಲಿ ಕೆಲಸ ಮಾಡಿದವರು. ಬಾಂಗ್ಲಾದೇಶದ ನಿರಾಶ್ರಿತರ ಶಿಬಿರಕ್ಕೆ ಹೋದಾಗ ಅವರಿಗೆ ರುವಾಂಡಾದ ಕಥೆಯೇ ಮತ್ತೆ ಕೇಳಿಸಿತು. 2019ರ ನವೆಂಬರ್ 11ರಂದು ಗ್ಯಾಂಬಿಯಾ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಮ್ಯಾನ್ಮಾರನ್ನು ಎಳೆದುತಂದಿತು.

ಮ್ಯಾನ್ಮಾರ್ ಪರ ನಿಂತವರು ನೊಬೆಲ್ ಶಾಂತಿ ಪುರಸ್ಕೃತೆ ಆಂಗ್ ಸಾನ್ ಸೂಕಿ. ತಮ್ಮ ಇಡೀ ಭಾಷಣದಲ್ಲಿ ‘ರೋಹಿಂಗ್ಯಾ’ ಪದವನ್ನು ಅವರು ಬಳಸಿದ್ದು ಅರ್ಸಾ ಗುಂಪಿನ ಪೂರ್ಣ ಹೆಸರು ಹೇಳುವಾಗ ಮಾತ್ರ. 2020ರ ಜನವರಿ 23ರಂದು ನ್ಯಾಯಾಲಯ, ಉಳಿದ ರೋಹಿಂಗ್ಯಾಗಳನ್ನು ರಕ್ಷಿಸಿ, ಸಾಕ್ಷ್ಯ ನಾಶ ಮಾಡಬೇಡಿ ಅಂತ ಮಧ್ಯಂತರ ಆದೇಶ ಕೊಟ್ಟಿತು. 2022ರ ಜುಲೈನಲ್ಲಿ ಮ್ಯಾನ್ಮಾರ್‌ನ ಆಕ್ಷೇಪಗಳನ್ನು ತಳ್ಳಿಹಾಕಿತು. 2023ರಲ್ಲಿ ಬ್ರಿಟನ್, ಫ್ರಾನ್ಸ್, ಜರ್ಮನಿ, ಕೆನಡಾ ಮೊದಲಾದ ದೇಶಗಳು ಮೊಕದ್ದಮೆಯಲ್ಲಿ ಮಧ್ಯಪ್ರವೇಶಿಸಿದವು. ನಮ್ಮ ನೆರೆಯ ಮಾಲ್ಡೀವ್ಸ್ ಕೂಡ.

“ನಮಗ್ಯಾಕೆ ಬೇಕು?”

ಆಫೀಸಿನ ಊಟದ ಹೊತ್ತಲ್ಲಿ ಈ ಮಾತು ಎತ್ತಿದರೆ ಬರುವ ಪ್ರಶ್ನೆಗಳು ನನಗೀಗ ಬಾಯಿಪಾಠ.

ಒಂದು: “ಒಪ್ಪಿಕೊಂಡ್ರೆ ಅವರನ್ನೆಲ್ಲ ಇಲ್ಲೇ ಇಟ್ಕೋಬೇಕಾಗುತ್ತಲ್ವಾ?” ಇಲ್ಲ. ಅಲ್ಲಿ ಆದದ್ದನ್ನು ಜನಾಂಗಹತ್ಯೆ ಅಂತ ಹೇಳುವುದು ಬೇರೆ, ಇಲ್ಲಿ ಪೌರತ್ವ ಕೊಡುವುದು ಬೇರೆ. ಗ್ಯಾಂಬಿಯಾ ಯಾರಿಗೂ ಪೌರತ್ವ ಕೊಡಲಿಲ್ಲ. ಹೆಸರಿಟ್ಟ ಮೇಲೆ ಜನರನ್ನು ಅದೇ ಸೇನೆಯ ಕೈಗೆ ವಾಪಸ್ ತಳ್ಳುವುದು ಕಷ್ಟವಾಗುತ್ತೆ, ನಿಜ. ಕಷ್ಟವಾಗಲೇಬೇಕು. ಇನ್ನು ‘ಬೆಂಗಳೂರು ತುಂಬಿದ್ದಾರೆ’ ಅನ್ನುವ ಮಾತು. 2021ರಲ್ಲಿ ಕರ್ನಾಟಕ ಸರ್ಕಾರ ಸುಪ್ರೀಂ ಕೋರ್ಟ್‌ಗೆ ಮೊದಲು ಹೇಳಿದ್ದು ನಗರದಲ್ಲಿ ಗುರುತಿಸಿದವರು 72 ಜನ ಅಂತ. ತಿದ್ದುಪಡಿ ಮಾಡಿದ ಪ್ರಮಾಣಪತ್ರದಲ್ಲಿ ರಾಜ್ಯಕ್ಕೆ 126. ಎರಡು-ಮೂರು ಬಸ್ಸಿಗೆ ಸಾಕಾಗುವಷ್ಟು ಜನ.

ಎರಡು: “ಮ್ಯಾನ್ಮಾರ್ ಜೊತೆ ಸಂಬಂಧ ಕೆಡುತ್ತೆ, ಈಶಾನ್ಯದ ಗಡಿ ಇದೆ.” ಇದು ಗಟ್ಟಿಯಾದ ವಾದ, ನಕ್ಕು ತಳ್ಳುವಂಥದ್ದಲ್ಲ. ಆದರೆ ವಿಶ್ವಸಂಸ್ಥೆಯ ತಂಡ 2018ರಲ್ಲೇ ಜನಾಂಗಹತ್ಯೆಯ ತನಿಖೆಯಾಗಲಿ ಅಂತ ಹೆಸರಿಸಿದ ಸೇನಾ ಮುಖ್ಯಸ್ಥ ಮಿನ್ ಆಂಗ್ ಹ್ಲಾಯಿಂಗ್‌ಗೆ ಶಿಕ್ಷೆಯಾಗಲಿಲ್ಲ. 2021ರ ಫೆಬ್ರವರಿ 1ರಂದು ಆತ ಇಡೀ ದೇಶದ ಅಧಿಕಾರವನ್ನೇ ಕಸಿದುಕೊಂಡ. ಆಮೇಲೆ ಸಾವಿರಾರು ಚಿನ್ ಜನ ಓಡಿಬಂದದ್ದು ನಮ್ಮ ಮಿಜೋರಾಂಗೇ. ಸುಮ್ಮನಿದ್ದು ಗಡಿ ಶಾಂತವಾಗಿರಲಿಲ್ಲ.

ಮೂರು: “ಅದು ಬೇರೆ ದೇಶದ ವಿಷಯ.” 2021ರ ಏಪ್ರಿಲ್‌ನಲ್ಲಿ, ಜಮ್ಮುವಿನಲ್ಲಿ ಬಂಧನದಲ್ಲಿದ್ದ ರೋಹಿಂಗ್ಯಾಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಬೇರೆ ದೇಶದಲ್ಲಿ ಆಗುತ್ತಿರುವುದರ ಬಗ್ಗೆ ತಾನು ಹೇಳಲಾಗದು ಅಂದಿತು. ಕಾನೂನಿನ ಕ್ರಮ ಪಾಲಿಸದೆ ಗಡೀಪಾರು ಮಾಡಬೇಡಿ ಅಂತ ಮಾತ್ರ ಹೇಳಿತು. ನ್ಯಾಯಾಲಯಕ್ಕೆ ಮಿತಿ ಇರಬಹುದು, ಸರಿ. ಆದರೆ ಸರ್ಕಾರಕ್ಕೆ? ಭಾರತ ಸಹಿ ಹಾಕಿದ ಒಪ್ಪಂದದ ಮೊದಲ ವಿಧಿಯೇ ಜನಾಂಗಹತ್ಯೆಯನ್ನು ತಡೆಯುತ್ತೇವೆ, ಶಿಕ್ಷಿಸುತ್ತೇವೆ ಅನ್ನುತ್ತೆ. ಹೆಸರನ್ನೇ ಹೇಳದೆ ತಡೆಯೋದು ಹೇಗೆ?

ನಮ್ಮ ಸರ್ಕಾರ ಏನು ಮಾಡಬಹುದು?

ದಂಡೆತ್ತಿ ಹೋಗಿ ಅಂತ ಯಾರೂ ಕೇಳುತ್ತಿಲ್ಲ. ಮೂರೇ ಕೆಲಸ.

ಕೆನಡಾದ ಹಾಗೆ ನಮ್ಮ ಸಂಸತ್ತು ಒಂದು ನಿರ್ಣಯ ಮಾಡಲಿ. ಅರ್ಸಾದ ಅಪರಾಧವನ್ನೂ ಅದರಲ್ಲಿ ಹೆಸರಿಸಲಿ, ಸೇನೆಯದನ್ನೂ ಹೆಸರಿಸಲಿ.

ಭಾರತದಲ್ಲಿರುವ ರೋಹಿಂಗ್ಯಾಗಳ ಹೇಳಿಕೆಗಳನ್ನು ಸಾಕ್ಷ್ಯವಾಗಿ ದಾಖಲಿಸಲಿ. ಅವರಲ್ಲಿ ಕಣ್ಣಾರೆ ಕಂಡವರಿದ್ದಾರೆ. 1948ರಲ್ಲಿ ಸುಂದರಲಾಲ್ ನಿಯೋಗ ಮೂರು ವಾರದಲ್ಲಿ ಮಾಡಿದ ಕೆಲಸ ಇದು. ಈ ಸಲ ಬರೆದದ್ದನ್ನು ಬೀರುವಿನಲ್ಲಿ ಮುಚ್ಚಿಡಬಾರದು, ಅಷ್ಟೇ.

ಮೂರನೆಯದು ನಮ್ಮದೇ ಕಾನೂನು. ಒಪ್ಪಂದ ಅನುಮೋದಿಸಿ ಆರು ದಶಕ ದಾಟಿದರೂ ಜನಾಂಗಹತ್ಯೆ ನಮ್ಮ ದಂಡಸಂಹಿತೆಯಲ್ಲಿ ಪ್ರತ್ಯೇಕ ಅಪರಾಧವಲ್ಲ. 1984ರ ಸಿಖ್ ವಿರೋಧಿ ಹಿಂಸೆಗೆ ಸಂಬಂಧಿಸಿದ ಸಜ್ಜನ್ ಕುಮಾರ್ ಪ್ರಕರಣದ 2018ರ ತೀರ್ಪಿನಲ್ಲಿ ದೆಹಲಿ ಹೈಕೋರ್ಟ್ ಈ ಕೊರತೆಯನ್ನು ನೇರವಾಗಿ ಎತ್ತಿಹೇಳಿತು. ಅದನ್ನು ತುಂಬುವುದು ಸಂಸತ್ತಿನ ಕೈಯಲ್ಲೇ ಇದೆ.

ಇದೆಲ್ಲ ದೆಹಲಿಯ ಮಾತಾಯಿತು. ನಾವು ಮಾಡುವುದೂ ಇದೆ. ನಿಮ್ಮ ಸಂಸದರಿಗೆ ಒಂದು ಇಮೇಲ್ ಹಾಕಲು ಹತ್ತು ನಿಮಿಷ ಸಾಕು. ನಾನು ಹಾಕಿದ್ದೇನೆ, ಕನ್ನಡದಲ್ಲೇ. ಉತ್ತರ ಬಂದಿಲ್ಲ, ಇನ್ನೊಮ್ಮೆ ಹಾಕುವೆ. ಮುಂದಿನ ಫಾರ್ವರ್ಡ್ ಬಂದಾಗ ಹೆಬ್ಬೆರಳು ಒತ್ತುವ ಮೊದಲು “ಇವರು ಯಾಕೆ ಬಂದ್ರು?” ಅಂತ ಒಂದೇ ಪ್ರಶ್ನೆ ಕೇಳಿ. ನೀವು ಬೀದರ್, ಕಲಬುರಗಿ, ರಾಯಚೂರು ಕಡೆಯವರಾದರೆ ಮನೆಯಲ್ಲಿ 1948 ಕಂಡ ಹಿರಿಯರು ಇನ್ನೂ ಇದ್ದಾರಾ ನೋಡಿ. ರಜಾಕಾರರ ಕಥೆಯನ್ನೂ ಕೇಳಿ, ಅದರ ಮುಂದಿನ ಕಥೆಯನ್ನೂ ಕೇಳಿ. ಬರೆದಿಡಿ. ನಾನು ತಡ ಮಾಡಿದೆ.

ಆವತ್ತು ಗ್ರೂಪಿನಲ್ಲಿ ಕಾಕಾನ ಮಾತಿಗೆ ನಾನು ವಾದ ಮಾಡಲಿಲ್ಲ. ಇನ್ ದಿನ್ ಹಳ್ಳಿಯ ಹತ್ತು ಜನರ ಸುದ್ದಿಯನ್ನು ಕನ್ನಡದಲ್ಲಿ ನಾಲ್ಕು ಸಾಲು ಬರೆದು ಹಾಕಿದೆ. ಎರಡು ದಿನ ಯಾರೂ ಮಾತಾಡಲಿಲ್ಲ. ಮೂರನೇ ದಿನ ಕಾಕಾ ನನಗೊಬ್ಬಳಿಗೇ ಮೆಸೇಜ್ ಕಳಿಸಿದ್ದರು.

“ಅವ್ವಾ, ಆಯಿ ಯಾವಾಗರೆ ನದಾಫರ ಮನಿ ಸುದ್ದಿ ನಿನ್ನ ಮುಂದ ಹೇಳಿದ್ಲೇನು?”

ಮುಂದಿನ ಅಮಾವಾಸ್ಯೆಗೆ ಊರಿಗೆ ಹೋಗುತ್ತಿದ್ದೇನೆ. ಕಾಕಾನ ಹತ್ತಿರ ಕೂತು ಕೇಳಬೇಕು, ಬರೆದುಕೊಳ್ಳಬೇಕು.